ಹೆಗ್ಗಣ ತೋಡಿದ ಬಿಲ

ಬಿಲ ತೋಡುವುದರಲ್ಲಿ ಎತ್ತಿದ ಕೈ ಎನಿಸಿಕೊಂಡ ಹೆಗ್ಗಣವೊಂದು ಗುಡ್ಡದ ಬದಿಯಲ್ಲಿತ್ತು. ದಿನ ತುಂಬಿದ ಮೊಲವೊಂದು ಅದರ ಬಳಿ ಬಂದು, "ಅಣ್ಣಾ, ನನಗೊಂದು ಬಿಲ ಬೇಕು. ಬಾಗಿಲು ಅಗಲವಾಗಿರಲಿ, ದಾರಿ ನೆಟ್ಟಗಿರಲಿ, ಒಳಗೆ ಮೂರು ಕೋಣೆ ಇರಲಿ" ಎಂದಿತು.

"ಆಗಲಿ ತಂಗಿ. ಬಯಲಲ್ಲಿ ಮಲಗುವ ನಿನಗೆ ಬಿಲ ಏಕೆ?"

"ಹೋದ ಸಲದ ಮರಿಗಳನ್ನು ನರಿ ತಿಂದುಹಾಕಿತು. ಈ ಸಲದವಾದರೂ ಉಳಿಯಬೇಕು."

"ಹಾಗಾದರೆ ನೀನು ಕೇಳಿದ ಒಂದೊಂದೂ ಮರಿಗಳನ್ನು ಉಳಿಸುತ್ತದೆಯೇ ನೋಡೋಣ. ಅಗಲದ ಬಾಗಿಲಲ್ಲಿ ನರಿಯೂ ನುಗ್ಗುತ್ತದಲ್ಲ?"

"ಹಾಗಾದರೆ ಕಿರಿದಾಗಿರಲಿ."

"ದಾರಿ ನೆಟ್ಟಗಿದ್ದರೆ ನರಿಯ ಮೂತಿ ಮರಿಗಳವರೆಗೂ ಬರುತ್ತದಲ್ಲ?"

"ಸುತ್ತುಬಳಸಿ ತೋಡು. ಮೂರು ಕೋಣೆಯೂ ಬೇಡ ಅಣ್ಣಾ, ನೆರೆಯವರಿಗೆ ತೋರಿಸಲೆಂದು ಕೇಳಿದ್ದೆ."

ಎರಡು ದಿನದಲ್ಲಿ ಬಿಲ ಮುಗಿಯಿತು. ಅಗೆದ ಕೆಮ್ಮಣ್ಣನ್ನೆಲ್ಲ ಹೆಗ್ಗಣ ಬಾಗಿಲ ಮುಂದೆ ಎತ್ತರಕ್ಕೆ ಪೇರಿಸಿ, ದೂರ ನಿಂತು ನೋಡಿತು. ಇದು ತನ್ನ ಕೆಲಸವೆಂದು ಗುಡ್ಡಕ್ಕೆಲ್ಲ ಗೊತ್ತಾಗಲೆಂದು ಅದು ಯಾವಾಗಲೂ ಹಾಗೆ ಮಾಡುತ್ತಿತ್ತು.

"ಅಣ್ಣಾ, ಈ ಮಣ್ಣಗುಡ್ಡೆ ನನ್ನ ಮರಿಗಳನ್ನು ಉಳಿಸುತ್ತದೆಯೇ?" ಎಂದು ಮೊಲ ಕೇಳಿತು.

ಹೆಗ್ಗಣದ ಮುಖ ಸಣ್ಣದಾಯಿತು. ಮಣ್ಣನ್ನು ತಾನೇ ನಾಲ್ಕೂ ಕಡೆ ಚೆಲ್ಲಿ, ಮೇಲೆ ತರಗೆಲೆ ಎಳೆದು, ಬಾಗಿಲು ಕಾಣದಂತೆ ಮಾಡಿತು.

ವಾರದ ಬಳಿಕ ನರಿ ಬಂದಿತು. ಅತ್ತಿತ್ತ ನೋಡಿ, ತರಗೆಲೆ ತುಳಿದುಕೊಂಡು ಮುಂದೆ ಹೋಯಿತು. ನೆಲದಡಿಯಲ್ಲಿ ನಾಲ್ಕು ಮರಿಗಳು ಹಾಲು ಕುಡಿಯುತ್ತಿದ್ದವು. ಪೊದೆಯಲ್ಲಿ ಅಡಗಿದ್ದ ಹೆಗ್ಗಣ, ತನ್ನ ಕೆಲಸ ಕಣ್ಣಿಗೆ ಬೀಳಲಿಲ್ಲವೆಂದು ಮೊದಲ ಸಲ ಹಿಗ್ಗಿತು.