ನಾಲ್ಕು ಸಾವಿರ ತಪ್ಪುಗಳಿಗೆ ಉತ್ತರ

"ಗುರುಗಳೇ, ತಪ್ಪು ಹೇಳಿದವರಿಗೆ 'ತಪ್ಪು' ಎಂದಷ್ಟೇ ಹೇಳಿದರೆ ಸಾಲದೇ?" ಎಂದು ಮರುಳಸಿದ್ಧನು ಕೇಳಿದನು.

ಅವನು ಗುರುಗಳ ಪಾಠಶಾಲೆಯಲ್ಲಿ ದೊಡ್ಡವರಿಗೆ ಅಕ್ಷರ ಕಲಿಸುತ್ತಿದ್ದನು. ಅಲ್ಲಿಗೆ ಬರುತ್ತಿದ್ದ ಒಬ್ಬ ಕುಂಬಾರ ದಿನಕ್ಕೊಂದು ಹೊಸ ತಪ್ಪು ಓದುತ್ತಿದ್ದನು. ಅದು ಏಕೆ ತಪ್ಪು ಎಂದು ತಿಳಿಸಿ ಹೇಳುವುದರಲ್ಲೇ ಗಂಟೆ ಕಳೆಯುತ್ತಿತ್ತು. ಸರಿಯಾಗಿ ಓದುವವರು ಆಕಳಿಸುತ್ತ ಕಾಯುತ್ತಿದ್ದರು. ನಾಳೆಯಿಂದ ಕುಂಬಾರನನ್ನು ಹಿಂದಿನ ಸಾಲಿನಲ್ಲಿ ಕೂರಿಸಬೇಕೆಂದು ಶಿಷ್ಯನು ಯೋಚಿಸಿದ್ದನು.

ಗುರುಗಳು ಒಂದು ಕತೆ ಹೇಳಿದರು.

ಒಂದು ನಿಯಮವಿತ್ತು. ಆಡುವವನು ಎಂಥ ತಪ್ಪು ಮಾಡಿದರೂ ಆ ತಪ್ಪಿಗೇ ತಕ್ಕ ಉತ್ತರ ಅವನಿಗೆ ಸಿಗಬೇಕು. ಎಂಟು ಜನ ಈ ನಿಯಮಕ್ಕೆ ಒಪ್ಪಿದರು. ಏಳು ಜನ ಮುರಿದರು.

ಅದು ಕಂಪ್ಯೂಟರಿನ ಒಂದು ಹಳೆಯ ಆಟ. ಹಡಗಿನ ಅಡುಗೆಭಟ್ಟನೊಬ್ಬ ಉಪ್ಪು ಕೊಳ್ಳಲು ಬಂದರಿನಲ್ಲಿ ಇಳಿಯುತ್ತಾನೆ. ಅವನು ಹಿಂದಿರುಗುವಷ್ಟರಲ್ಲಿ ಹಡಗು ಹೊರಟುಹೋಗಿರುತ್ತದೆ. ಚೀಲ ಹೆಗಲಿಗೆ ಹಾಕಿಕೊಂಡು ಅವನು ಹಡಗನ್ನು ಹುಡುಕಬೇಕು. ಆಡುವವನು ಚೀಲದೊಳಗಿನ ಒಂದು ವಸ್ತುವನ್ನು ಒತ್ತಿ, ಆಮೇಲೆ ಚಿತ್ರದಲ್ಲಿ ಒಂದು ಜಾಗವನ್ನು ಒತ್ತಬೇಕು. ಜೋಡಿ ಸರಿಯಾದರೆ ಕತೆ ಮುಂದಕ್ಕೆ ಹೋಗುತ್ತದೆ. ತಪ್ಪಾದರೆ ಭಟ್ಟನು ಏನಾದರೊಂದು ಮಾತು ಹೇಳುತ್ತಾನೆ.

ಆಟ ಮಾಡಿದ ಕಂಪನಿ ಮುಚ್ಚಿತ್ತು. ಹೊಸ ಕಂಪ್ಯೂಟರುಗಳಲ್ಲಿ ಆ ಆಟ ತೆರೆಯುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಅದನ್ನು ಆಡಿದ್ದ ಎಂಟು ಜನ ಬೇರೆ ಬೇರೆ ಊರುಗಳಲ್ಲಿದ್ದರು. ಅದನ್ನು ಕನ್ನಡದಲ್ಲಿ ಮೊದಲಿನಿಂದ ಕಟ್ಟಿ, ಬೇಕೆಂದವರಿಗೆಲ್ಲ ಪುಕ್ಕಟೆ ಕೊಡುವುದೆಂದು ಅವರು ನಿಶ್ಚಯಿಸಿದರು. ಆಟವನ್ನು ಮೊದಲು ರಚಿಸಿದವನು ದೂರದೇಶದಲ್ಲಿ ಮುದುಕನಾಗಿದ್ದನು. ಅವನಿಗೆ ಬರೆದು ಅಪ್ಪಣೆ ಕೇಳಿದರು. ಧಾರಾಳವಾಗಿ ಮಾಡಿ, ಆದರೆ ದುಡ್ಡು ಮುಟ್ಟಬೇಡಿ, ತಪ್ಪು ಮಾಡಿದವರನ್ನು ಬರಿಗೈಲಿ ಕಳಿಸಬೇಡಿ ಎಂದು ಅವನು ಬರೆದನು.

ಚೀಲದಲ್ಲಿ ನಲವತ್ತಾರು ವಸ್ತುಗಳಿದ್ದವು. ಚಿತ್ರಗಳಲ್ಲಿ ಒತ್ತುವ ಜಾಗ ತೊಂಬತ್ತು. ಗುಣಿಸಿದರೆ ನಾಲ್ಕು ಸಾವಿರದ ನೂರ ನಲವತ್ತು ಜೋಡಿ. ಅವುಗಳಲ್ಲಿ ಸರಿಯಾದವು ಅರವತ್ತು ಮಾತ್ರ. ಉಳಿದವನ್ನು ತಲೆಗೆ ಐನೂರ ಹತ್ತು ತಪ್ಪುಗಳಂತೆ ಎಂಟು ಜನ ಹಂಚಿಕೊಂಡರು.

ಚಿತ್ರಕಾರನು ಹನ್ನೊಂದು ಉತ್ತರ ಬರೆದು, ಅಲೆಗಳನ್ನು ಬಿಡಿಸುವುದರಲ್ಲೇ ಬೆರಳು ಸೋತಿವೆ ಎಂದನು. ಸಂಗೀತಗಾರನು ಮೂರು ಬರೆದನು. ಮೂರರಲ್ಲೂ ಭಟ್ಟನು ಹಾಡುತ್ತಿದ್ದನು. ಪ್ರೋಗ್ರಾಂ ಬರೆಯುತ್ತಿದ್ದ ಉಪನ್ಯಾಸಕನು ಒಂದನ್ನೂ ಬರೆಯಲಿಲ್ಲ. ಒಬ್ಬನಿಗೆ ಮದುವೆಯಾಯಿತು, ಒಬ್ಬಳಿಗೆ ದೂರದೂರಿಗೆ ವರ್ಗವಾಯಿತು. ಎಲ್ಲರ ಕಾರಣಗಳೂ ನಿಜವಾದವೇ. ಅದಕ್ಕೇ ಯಾರೂ ಯಾರನ್ನೂ ಕೇಳಲಿಲ್ಲ.

ಎಂಟನೆಯವಳು ಗಂಗಾಂಬಿಕೆ. ಬಸ್ ನಿಲ್ದಾಣದ ವಿಚಾರಣೆ ಕೌಂಟರಿನಲ್ಲಿ ಅವಳ ಕೆಲಸ. ಅವಳು ತನ್ನ ಪಾಲಿನ ಐನೂರ ಹತ್ತನ್ನು ಮುಗಿಸಿ, ಉಳಿದವರ ಪಾಲಿಗೂ ಕೈ ಹಾಕಿದ್ದಳು. ಆದರೂ ಎರಡು ಸಾವಿರದ ಎಂಟುನೂರ ನಲವತ್ತು ಜಾಗಗಳು ಖಾಲಿ ಉಳಿದವು.

ಬಿಡುಗಡೆಯ ದಿನವನ್ನು ಆಗಲೇ ಸಾರಿಯಾಗಿತ್ತು. ಹಿಂದಿನ ದಿನ ಎಲ್ಲರೂ ದಾವಣಗೆರೆಯಲ್ಲಿ ಉಪನ್ಯಾಸಕನ ಮನೆಯಲ್ಲಿ ಸೇರಿದರು. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಬಂದವು. ತಿನ್ನುತ್ತಲೇ ಉಪನ್ಯಾಸಕನು ಉಪಾಯ ಹೇಳಿದನು. ಖಾಲಿ ಜಾಗಗಳಿಗೆಲ್ಲ 'ಅದು ಆಗುವುದಿಲ್ಲ' ಎಂಬ ಒಂದೇ ಸಾಲು ತುಂಬಿಬಿಟ್ಟರೆ ಕೆಲಸ ಮುಗಿಯಿತು. ಮಾತುಗಳ ಕಡತ ಗಂಗಾಂಬಿಕೆಯ ಹತ್ತಿರವಿತ್ತು. ಸಂಜೆಯೊಳಗೆ ಅವಳು ತುಂಬಿ ಕಳಿಸಬೇಕು.

ಅವಳು ಒಪ್ಪಲಿಲ್ಲ.

"ಗಂಗಕ್ಕ, ಸಮುದ್ರಕ್ಕೆ ಉಪ್ಪು ಹಾಕುವವನು ಯಾವ ಊರಲ್ಲಿದ್ದಾನೆ ಹೇಳಿ," ಎಂದು ಉಪನ್ಯಾಸಕನು ಕೇಳಿದನು. "ಅಂಥವನಿಗೆ ಇಷ್ಟು ಹೇಳಿದರೆ ಸಾಕಲ್ಲ?"

"ರಾಣೆಬೆನ್ನೂರಲ್ಲಿದ್ದೆ ಸರ್," ಎಂದಳು ಗಂಗಾಂಬಿಕೆ. "ಒಂದು ವರ್ಷ ಅದನ್ನೇ ಮಾಡುತ್ತಿದ್ದೆ."

ಎಲ್ಲರೂ ಬಜ್ಜಿ ಕೈಯಲ್ಲಿ ಹಿಡಿದು ಅವಳನ್ನೇ ನೋಡಿದರು. ಅವಳು ಈವರೆಗೆ ಯಾರಿಗೂ ಹೇಳದಿದ್ದುದನ್ನು ಹೇಳಿದಳು. ಕಂಪ್ಯೂಟರ್ ಕ್ಲಾಸಿನಲ್ಲಿ ಅವಳಿಗೆ ದಿನಕ್ಕೆ ಅರ್ಧ ಗಂಟೆ ಸಿಗುತ್ತಿತ್ತು. ಆಟ ಇಂಗ್ಲಿಷಿನಲ್ಲಿತ್ತು, ಅವಳಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಉಳಿದವರೆಲ್ಲ ಒಂದೇ ದಿನದಲ್ಲಿ ದಾಟಿದ್ದ ಬಂದರಿನ ಬಾಗಿಲಲ್ಲಿ ಅವಳು ವರ್ಷವಿಡೀ ನಿಂತಿದ್ದಳು. ಕಾವಲುಗಾರನಿಗೆ ಸೌಟು ತೋರಿಸಿದಳು, ಲಂಗರಿಗೆ ನಿಂಬೆಹಣ್ಣು ಉಜ್ಜಿದಳು, ಬೆಕ್ಕಿಗೆ ಮೆಣಸಿನಪುಡಿ ಕೊಟ್ಟಳು. ಪ್ರತಿ ತಪ್ಪಿಗೂ ಭಟ್ಟನು ಹೊಸದೊಂದು ವಾಕ್ಯ ಹೇಳುತ್ತಿದ್ದನು. ಅದನ್ನು ಬರೆದುಕೊಂಡು ಹೋಗಿ, ನಿಘಂಟು ನೋಡಿ ಅರ್ಥ ಹುಡುಕುತ್ತಿದ್ದಳು. ರಾತ್ರಿ ಊಟಕ್ಕೆ ಕುಳಿತಾಗ ಅರ್ಥ ಹೊಳೆದು ಒಬ್ಬಳೇ ನಗುತ್ತಿದ್ದಳು. ಹೀಗೆ ಅವಳು ಇಂಗ್ಲಿಷ್ ಕಲಿತಳು.

ಚಿತ್ರಕಾರನಿಗೆ ತಮಾಷೆ ಎನಿಸಿತು. "ಒಂದು ವರ್ಷ ಆ ಕಾವಲುಗಾರನ ಮುಂದೇ ನಿಂತಿದ್ದಿರಾ? ಪಾಪ, ಅವನಿಗೂ ಬೇಸರ ಬಂದಿರಬೇಕು."

"ಬರಲಿಲ್ಲ," ಎಂದಳು ಅವಳು. "ಅದಕ್ಕೇ ದಿನಾ ಹೋಗುತ್ತಿದ್ದೆ."

ಆದರೆ ಹೊತ್ತು ಮೀರಿತ್ತು, ಬೆಳಗಾದರೆ ಆಟ ಹೊರಗೆ ಬರಬೇಕಿತ್ತು. ಕೈ ಎತ್ತಿ ಎಣಿಸಿದರು. ಉಪನ್ಯಾಸಕನ ಉಪಾಯಕ್ಕೆ ಏಳು ಕೈ ಎದ್ದವು.

ಗಂಗಾಂಬಿಕೆ ಬಸ್ಸಿನಲ್ಲಿ ಮನೆಗೆ ಬಂದಳು. ಆ ಸಾಲನ್ನು ತುಂಬಿದರೆ, ತಾನು ಒಂದು ವರ್ಷ ನಿಂತಿದ್ದ ಜಾಗದಲ್ಲಿ ಇನ್ನೊಬ್ಬರು ಒಂದು ದಿನವೂ ನಿಲ್ಲುವುದಿಲ್ಲ. ತುಂಬದಿದ್ದರೆ ಏಳು ಜನರ ಮೂರು ವರ್ಷದ ದುಡಿಮೆ ಕೆಡುತ್ತದೆ. ದಾರಿಯುದ್ದಕ್ಕೂ ಅವಳು ಇದನ್ನೇ ಯೋಚಿಸಿದಳು. ಸಂಜೆ ಹೇಳಿದ ಹೊತ್ತಿಗೆ ಕಡತವನ್ನು ಕಳಿಸಿದಳು. ಉಪನ್ಯಾಸಕನಿಗೆ ಫೋನ್ ಮಾಡಿ, ನೀವು ಹೇಳಿದ ಸಾಲು ಅದರಲ್ಲಿಲ್ಲ, ಬೇರೆ ಹಾಕಿದ್ದೇನೆ, ಬೇಡವಾದರೆ ನೀವೇ ತೆಗೆಯಿರಿ ಎಂದು ತಿಳಿಸಿದಳು.

ಉಪನ್ಯಾಸಕನು ಕಡತವನ್ನು ತೆರೆದನು. ಖಾಲಿಯಿದ್ದ ಅಷ್ಟೂ ಜಾಗಗಳಲ್ಲಿ ಹೀಗಿತ್ತು:

'ಇದಕ್ಕೆ ಉತ್ತರ ಇನ್ನೂ ಬರೆದಿಲ್ಲ. ತಪ್ಪು ನನ್ನದು. ನೀವು ಏನನ್ನು ಎಲ್ಲಿಗೆ ಹಾಕಿದಿರಿ ಎಂದು ತಿಳಿಸಿ. ನಿಮಗೆ ಬರೆಯುತ್ತೇನೆ. ಗಂಗಾಂಬಿಕೆ.'

ಕೆಳಗೆ ಅವಳ ಈಮೇಲ್ ವಿಳಾಸವಿತ್ತು.

ಅದನ್ನೆಲ್ಲ ಅಳಿಸುವುದು ಉಪನ್ಯಾಸಕನಿಗೆ ಒಂದು ನಿಮಿಷದ ಕೆಲಸ. ಅವನಿಗೆ ಕೈ ಬರಲಿಲ್ಲ. ಆಟ ಹಾಗೆಯೇ ಹೊರಗೆ ಬಂದಿತು.

ಮೊದಲ ವಾರ ಆರುನೂರು ಪತ್ರಗಳು ಬಂದವು. ಕೊಪ್ಪಳದ ನರ್ಸ್ ಒಬ್ಬಳು ದೀಪಸ್ತಂಭದ ಮೇಲೆ ಹಪ್ಪಳ ಒಣಹಾಕಲು ಹೋಗಿದ್ದಳು. ನಿವೃತ್ತ ಕೋರ್ಟ್ ಅಮೀನರೊಬ್ಬರು ಕಾವಲುಗಾರನ ಟೋಪಿಯಲ್ಲಿ ಬೇಳೆ ಬೇಯಿಸಲು ನೋಡಿದ್ದರು. ಒಳ್ಳೆಯ ಪಾತ್ರೆಯಂತೆ ಕಂಡಿತು ಎಂದು ಕಾರಣವನ್ನೂ ಬರೆದಿದ್ದರು. ಗಂಗಾಂಬಿಕೆ ಒಬ್ಬೊಬ್ಬರಿಗೂ ಬರೆದಳು. ಬರೆದ ಉತ್ತರ ಆಟದೊಳಗೂ ಸೇರಿತು. ಜನ ಹಡಗನ್ನು ಮರೆತರು. ಬೇಕೆಂದೇ ತಪ್ಪು ಮಾಡಲು ತೊಡಗಿದರು. ನಿಮಗೆ ಏನು ಬಂತು, ನಮಗೆ ಇದು ಬಂತು ಎಂದು ಒಬ್ಬರಿಗೊಬ್ಬರು ಓದಿ ಹೇಳಿಕೊಂಡು ನಕ್ಕರು.

ಎರಡನೆಯ ವಾರ ಚಿತ್ರಕಾರನು ತಾನಾಗಿಯೇ ಐವತ್ತು ಪತ್ರಗಳನ್ನು ಕೇಳಿ ಪಡೆದನು. ಸಂಗೀತಗಾರನು ನೂರು ಕೇಳಿದನು. ಭಟ್ಟನು ಹಾಡಬಾರದು ಎಂಬ ಕರಾರಿನ ಮೇಲೆ ಅವನಿಗೂ ಕೊಟ್ಟರು. ಉಪನ್ಯಾಸಕನು ಬೆಕ್ಕಿನ ತಪ್ಪುಗಳನ್ನೆಲ್ಲ ತನಗೇ ಬಿಡಬೇಕೆಂದನು. ಮೆಣಸಿನಪುಡಿ ಕೊಟ್ಟವರಿಗೆ ಅವನ ಭಟ್ಟ ಹೇಳಿದ್ದು ಇದು: 'ಬೆಕ್ಕು ನಿನ್ನನ್ನು ನೋಡುತ್ತಿದೆ. ನಿನ್ನ ಮೇಲೆ ಅದಕ್ಕೆ ಸ್ವಲ್ಪ ಗೌರವ ಉಳಿದಿದೆ. ಅದನ್ನಾದರೂ ಉಳಿಸಿಕೋ.'

ಖಾಲಿ ಜಾಗಗಳು ಕರಗುತ್ತ ಬಂದವು. ಒಂದು ದಿನ ಕಾರವಾರದಿಂದ ಒಂದು ಪತ್ರ ಬಂದಿತು. ಚೀಲದಲ್ಲಿದ್ದ ಉಪ್ಪನ್ನೆಲ್ಲ ಸಮುದ್ರಕ್ಕೆ ಸುರಿದೆ, ಏನೂ ಆಗಲಿಲ್ಲ, ನಾನು ದಡ್ಡನೇ ಇರಬೇಕು ಎಂದು ಅದರಲ್ಲಿತ್ತು. ಗಂಗಾಂಬಿಕೆ ಕೌಂಟರಿನಿಂದ ಬಂದು, ಕೈಕಾಲು ತೊಳೆದು, ಕುಳಿತು ಬರೆದಳು: 'ಸಮುದ್ರಕ್ಕೆ ಉಪ್ಪು ಹಾಕುವ ಮೊದಲು ರುಚಿ ನೋಡಬೇಕಪ್ಪ. ಅಡುಗೆಯವರು ನಾವು, ನಮಗೆ ಇಷ್ಟು ಗೊತ್ತಿರಬೇಡವೇ?'

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಮರುಳಸಿದ್ಧನಿಗೆ ನಗು ತಡೆಯಲಾಗಲಿಲ್ಲ. ನಕ್ಕು ಮುಗಿದ ಮೇಲೆ, ಕೊನೆಗೆ ಭಟ್ಟನಿಗೆ ಹಡಗು ಸಿಕ್ಕಿತೇ ಎಂದು ಕೇಳಿದನು.

"ಗೊತ್ತಿಲ್ಲ," ಎಂದರು ಗುರುಗಳು, "ನಾನಿನ್ನೂ ಬಂದರಿನಲ್ಲೇ ಇದ್ದೇನೆ."