ಕಾರಿನ ಡಿಕ್ಕಿಗೆ ಬಿದ್ದ ಹಾರ

ನಮ್ಮ ವೀರಭದ್ರ ಬೇಡಿದ್ದನ್ನು ಕೊಡುವ ದೇವರು, ಅದರಲ್ಲಿ ಅನುಮಾನ ಬೇಡ. ಅವನ ಗುಡಿಯ ಧರ್ಮದರ್ಶಿ ಪಟ್ಟಣಶೆಟ್ಟರಿಗೆ ಒಂದು ಹಳೆಯ ಕಾರಿತ್ತು. ಗೇರು ತಾನೇ ಬದಲಾಗುವ ಕಾರು ಅಂತ ಬಲು ಜಂಬ. ಒಂದು ದಿನ ಆ ಗೇರ್‌ಬಾಕ್ಸೇ ಕೆಟ್ಟಿತು. ಕಾರು ಹಿಂದಕ್ಕೆ ಹೋಗುತ್ತಿತ್ತು, ಮುಂದಕ್ಕೆ ಒಂದು ಗೇಣೂ ಇಲ್ಲ.

"ಧಣ್ಯಾರ, ಹೊಸಾ ಗೇರ್‌ಬಾಕ್ಸ್ ಹಾಕಸಬೇಕ್ರಿ," ಎಂದ ಡ್ರೈವರ್.

"ನಿನಗ ಭಕ್ತಿ ಇಲ್ಲಲೇ! ನಿಂಬಿಹಣ್ಣು ಕಟ್ಟು, ಕಾರು ಓಡ್ಲೆಪ್ಪಾ ಅಂತ ವೀರಭದ್ರನ್ನ ಬೇಡಿಕೋ. ನಾಳೆ ಕಲ್ಯಾಣಮಂಟಪದ ಉದ್ಘಾಟನಾಕ್ಕ ಇದರಾಗ ಹೋಗಬೇಕು. ಓಡಲಿಲ್ಲಂದ್ರ ನಿನ್ನ ನೌಕರಿ ಹೋತು!"

ಡ್ರೈವರ್ ನಿಂಬೆಹಣ್ಣು ಕಟ್ಟಿದ, ಕೈಮುಗಿದು ಬೇಡಿಕೊಂಡ. ಮರುದಿನ ಧಣಿಯನ್ನು ಕೂರಿಸಿಕೊಂಡು ಪೇಟೆಯುದ್ದಕ್ಕೂ ಹಿಂದಕ್ಕೆ ಹಿಂದಕ್ಕೇ ಓಡಿಸಿದ.

"ಏ, ತಿರುಗಸಲೇ!"

"ಭಕ್ತಿಯಿಂದ ಕುಂದರ್ರಿ, ಓಡಾಕತ್ತೇತಿ."

ಮಂಟಪದ ಬಾಗಿಲಿಗೆ ಮೊದಲು ಬಂದದ್ದು ಡಿಕ್ಕಿ. ಬ್ಯಾಂಡಿನವರು ಅದಕ್ಕೇ ಬಾರಿಸಿದರು. ಮುತ್ತೈದೆಯರು ಅದಕ್ಕೇ ಆರತಿ ಎತ್ತಿದರು. ಆಳೆತ್ತರದ ಹಾರವೂ ಅದಕ್ಕೇ ಬಿತ್ತು. ಶೆಟ್ಟರು ಆಚೆ ಮುಖ ಮಾಡಿ ಖಾಲಿ ರಸ್ತೆಗೆ ಕೈಮುಗಿಯುತ್ತ ಕೂತಿದ್ದರು.

ಇಳಿದವರೇ ಕೆಂಡವಾದರು. "ಏನಲೇ ಇದು?"

"ಓಡಲಿ ಅಂತ ಬೇಡಿಕೋ ಅಂದ್ರಿ, ಬೇಡಿಕೊಂಡೆ. ದೇವರು ಓಡಿಸಿದ. ಮುಂದಕ್ಕ ಅಂತ ನೀವೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಮನೀಗೆ ಹೊಂಡೂಣೇನ್ರಿ?"

ಶೆಟ್ಟರು ನಗುತ್ತಿದ್ದ ಪೇಟೆಯನ್ನೊಮ್ಮೆ ನೋಡಿದರು. "ನಾ ನಡಕೋತ ಹೋಗತೀನಿ. ನೀ ಗ್ಯಾರೇಜಿಗೆ ನಡಿ."

ವೀರಭದ್ರ ದೊಡ್ಡವನು. ಮರುವಾರವೇ ಕಾರಿಗೆ ಹೊಸ ಗೇರ್‌ಬಾಕ್ಸ್ ಬಂತು. ನಿಂಬೆಹಣ್ಣನ್ನು ಡ್ರೈವರ್ ಪಾನಕ ಮಾಡಿ ಕುಡಿದ.