ಒಳಗಿನ ಬಿಡಾರದವನು

ಹೊಳೆದಂಡೆಯ ಆಶ್ರಮದಲ್ಲಿ ಮುದ್ದವೀರನಷ್ಟು ಗಟ್ಟಿ ಆಳು ಇನ್ನೊಬ್ಬನಿರಲಿಲ್ಲ. ಗರಡಿಯಲ್ಲಿ ಬೆಳೆದ ಮೈ. ಎರಡು ಕೊಡ ನೀರು ಹೊತ್ತು ಒಂದೇ ಬಿರುಸಿಗೆ ಗುಡ್ಡ ಹತ್ತುತ್ತಿದ್ದ. ನನಗೆ ಯಾರ ಹಂಗೂ ಇಲ್ಲ ಎನ್ನುತ್ತಿದ್ದ.

ಈಚೆಗೆ ಅವನು ದಣಿದುಹೋಗಿದ್ದ. ಕಾರಣ, ಓಬಳಯ್ಯ.

ಇದ್ದಿಲು ಸುಡುತ್ತಿದ್ದ ಮುದುಕ. ಬೇಸಿಗೆಯಲ್ಲಿ ಎಲ್ಲಿಂದಲೋ ಬಂದವನಿಗೆ ಗುರುಗಳು ಮುದ್ದವೀರನ ಗುಡಿಸಲಲ್ಲೇ ಒಂದು ಮೂಲೆ ಕೊಟ್ಟರು. ಅಂದಿನಿಂದ ಕೆಮ್ಮು, ಗೊರಕೆ, ಗೊಣಗಾಟ. ಶಿಷ್ಯ ಮುದ್ದವೀರನಿಗೆ ನಿದ್ದೆ ಮರೆತೇಹೋಯಿತು. ಮುದುಕನ ಕೆಲಸ ಒಂದೇ, ಒಲೆ ಕಾಯುವುದು. ಆಶ್ರಮದ ಒಲೆಗೆ ಬೆಂಕಿಕಡ್ಡಿ ಗೀರುವಂತಿಲ್ಲ. ರಾತ್ರಿ ಬೂದಿ ಮುಚ್ಚಿ ಉಳಿಸಿದ ನಿನ್ನೆಯ ಕೆಂಡದಿಂದಲೇ ಇಂದಿನ ಬೆಂಕಿ.

ಗುರುಗಳು ಪರಊರಿಗೆ ಹೋದ ಸಂಜೆ ಮುದ್ದವೀರ ಮುದುಕನ ಗಂಟನ್ನು ಹೊರಗಿಟ್ಟ.

"ಕೆಂಡ ಮುಚ್ಚೋಕೆ ನೀನೇ ಬೇಕಾ ತಾತ? ನಿನ್ನ ದಾರಿ ನೋಡ್ಕೋ."

ಓಬಳಯ್ಯ ತನ್ನ ಒಡಕು ಮಡಕೆಗೆ ಎರಡು ಕೆಂಡ ಹಾಕಿಕೊಂಡು ದೋಣಿಕಟ್ಟೆಯ ಕಡೆ ನಡೆದ.

ಗಾಳಿ ಸೋಕದಿದ್ದರೆ ಕೆಂಡ ಬಾಳುತ್ತದೆಂದು ಮುದ್ದವೀರನ ಲೆಕ್ಕ. ಬೂದಿ ಸುರಿದು, ಮೇಲೆ ಹಸಿಮಣ್ಣು ಮೆತ್ತಿದ. ಬೆಳಗ್ಗೆ ಒಡೆದು ನೋಡಿದರೆ ತಣ್ಣನೆಯ ಕರಿ.

ಆಶ್ರಮಕ್ಕೆ ಆಶ್ರಮವೇ ಉಪವಾಸ. ಮಧ್ಯಾಹ್ನ ಗುರುಗಳು ಬಂದಾಗ ಅವನು ಒಲೆಯ ಮುಂದೆ ಕುಸಿದು ಕೂತಿದ್ದ. ನಡೆದದ್ದೆಲ್ಲ ಒಪ್ಪಿಕೊಂಡ, ಆದರೆ ಬಗ್ಗಲಿಲ್ಲ.

"ನನಗೆ ಸಾಕಾಗಿದೆ ಗುರುಗಳೇ. ಅವನು ವಾಪಸ್ ಬಂದ್ರೆ ನಾನು ಹೊರಡ್ತೀನಿ. ಹೊರಗಿನವನನ್ನ ಒಳಗಿಟ್ಕೊಂಡು ನನ್ನ ಕೈಲಿ ಬಾಳೋಕಾಗಲ್ಲ."

ಸಂನ್ಯಾಸಕ್ಕೆ ಮುಂಚೆ ಗುರುಗಳು ಜೀವಶಾಸ್ತ್ರದ ಮೇಷ್ಟ್ರು. ಅವರೂ ದಣಿದಿದ್ದರು. ತಣ್ಣಗಾದ ಒಲೆಕಟ್ಟೆಯ ಮೇಲೆ ಕೂತು ಹಳೆಯದೊಂದು ಕಥೆ ತೆಗೆದರು.

ಕಣ್ಣು ಕಿವಿ ಇರುವ ಪ್ರಾಣಿ ಇನ್ನೂ ಹುಟ್ಟಿರದ ಕಾಲ. ಜೀವವೆಂದರೆ ಬರಿಗಣ್ಣಿಗೆ ಕಾಣದ ಕಣ. ಲೋಕದಲ್ಲಿ ಆಮ್ಲಜನಕ ಮೆಲ್ಲಗೆ ತುಂಬಿಕೊಂಡಿತು. ಎಷ್ಟೋ ಜೀವಗಳಿಗೆ ಅದು ವಿಷ. ಆ ವಿಷದಿಂದಲೇ ಅನ್ನ ಉರಿಸಿ ಬದುಕಲು ಕಲಿತಿದ್ದ ಸಣ್ಣ ಜೀವವೊಂದನ್ನು ದೊಡ್ಡದೊಂದು ನುಂಗಿತು. ನುಂಗಿತು, ಅರಗಿಸಲಿಲ್ಲ. ಸಣ್ಣದು ಒಳಗೇ ಬಿಡಾರ ಹೂಡಿತು.

"ಆಮೇಲೆ?"

"ಮನೆ ದೊಡ್ಡದರದ್ದು, ಒಲೆ ಸಣ್ಣದರದ್ದು. ನಿನ್ನ ಮೈಯ ಜೀವಕೋಶಗಳಲ್ಲಿ ಈಗಲೂ ಅದರ ಸಂತಾನ ಕೂತಿದೆ. ನೀನು ಎಳೆದ ಉಸಿರು ಸೇರೋದು ಅಲ್ಲಿಗೇ. ನೀನುಂಡ ಮುದ್ದೆಯನ್ನ ಭಗ್ಗನೆ ಉರಿಸದೆ, ಇಷ್ಟಿಷ್ಟೇ ಸುಟ್ಟು ನಿನಗೆ ಕಸುವು ಕೊಡೋದೂ ಅದೇ."

ಮುದ್ದವೀರ ತನ್ನ ತೋಳು ನೋಡಿಕೊಂಡ. "ಅಂದ್ರೆ ಈ ಕಸುವು ನನ್ನದಲ್ವಾ?"

ಗುರುಗಳು ಎದ್ದು ಹೋಗಿ ಎರಡು ಖಾಲಿ ಕೊಡ ತಂದು ಅವನ ಮುಂದಿಟ್ಟರು.

"ಬರ್ತಾ ನೋಡಿದೆ, ಓಬಳಯ್ಯ ಇನ್ನೂ ದೋಣಿಕಟ್ಟೆಯಲ್ಲೇ ಕೂತಿದ್ದಾನೆ, ಮಡಕೆಯ ಕೆಂಡ ಊದ್ಕೊಂಡು. ಕರೆಯೋದು ಬಿಡೋದು ನಿನ್ನಿಷ್ಟ. ಕರೆಯಲ್ಲ ಅನ್ನೋದಾದ್ರೆ, ನಿನ್ನೊಳಗಿರೋ ಆ ಹೊರಗಿನವನನ್ನೂ ಆಚೆ ಹಾಕಿ ಗುಡ್ಡ ಹತ್ತು ನೋಡೋಣ, ತಮ್ಮಾ."